ವ್ಯೂ ಸೂಪರ್ರು, ಬಾತ್ರೂಮ್ ಕಡೆ ಸ್ವಲ್ಪ ನೋಡಿ: ಅರವತ್ತು ದಾಟಿದ ಕಾಲೇಜ್ ಗ್ಯಾಂಗು ಬಾಡಿಗೆ ಮನೆಯೊಂದಕ್ಕೆ ಬರೆದ ರಿವ್ಯೂ

ಹಳೇ ಕಾಲೇಜ್ ಫ್ರೆಂಡ್ಸೆಲ್ಲಾ ಸೇರಿ ವೀಕೆಂಡಿಗೆ ಅಂತ ಇಡೀ ಮನೆ ಬಾಡಿಗೆಗೆ ತಗೊಂಡಿದ್ವಲ್ಲ, ಅದರ ರಿವ್ಯೂ ಇದು. ಮನೆ ಹೆಸರು, ಬುಕ್ ಮಾಡಿದ ಆ್ಯಪ್ ಹೆಸರು ಎರಡೂ ಬೇಕಂತಲೇ ಹಾಕಿಲ್ಲ, ಯಾಕಂದ್ರೆ ನಾನಿಲ್ಲಿ ಗೊಣಗೋದರಲ್ಲಿ ಬಹಳಷ್ಟು ಆ ಒಬ್ಬ ಓನರ್ ತಪ್ಪಲ್ಲ, ಈ ಥರ ಬಾಡಿಗೆಗೆ ಬಿಡೋ ಮನೆಗಳನ್ನ ಕಟ್ಟೋವಾಗಲೇ ಬರೋರೆಲ್ಲಾ ಇಪ್ಪತ್ತೈದು ವರ್ಷದವರು ಅಂತ ಅಂದ್ಕೊಂಡು ಕಟ್ಟಿರ್ತಾರೆ. ನಾವು ಏಳೆಂಟು ಜನ, ಎಲ್ಲರೂ ಅರವತ್ತರ ಆ ಕಡೆ, ಒಬ್ಬರಿಗೆ ಮಂಡಿ, ಒಬ್ಬರಿಗೆ ಶುಗರ್ರು, ಒಬ್ಬರಿಗೆ ಕಿವಿ, ಒಬ್ಬನಿಗೆ ರಾತ್ರಿ ಮಷೀನ್ ಹಾಕ್ಕೊಂಡೇ ಮಲಗಬೇಕು. ಮನೆ ಚೆನ್ನಾಗಿತ್ತಾ ಅಂದ್ರೆ ಚೆನ್ನಾಗಿತ್ತು. ನಮಗೆ ಸರಿಹೋಯ್ತಾ ಅಂದ್ರೆ ಅದು ಬೇರೆ ಪ್ರಶ್ನೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲು ಹೋಟೆಲ್ಲಾ ಮನೆನಾ ಅನ್ನೋದು. ಗ್ರೂಪಲ್ಲಿ ಇದರ ಮೇಲೇ ತಿಂಗಳುಗಟ್ಟಲೆ ಜಗಳ ಆಡಿದೀವಿ. ಹೋಟೆಲ್ ಪರ ಇದ್ದವರ ಮಾತಲ್ಲೂ ನ್ಯಾಯ ಇತ್ತು, ಲಿಫ್ಟ್ ಇರತ್ತೆ, ಮಧ್ಯರಾತ್ರಿ ಏನಾದ್ರೂ ಆದ್ರೆ ರಿಸೆಪ್ಶನ್ನಲ್ಲಿ ಒಬ್ಬರು ಇರ್ತಾರೆ, ಕೇಳಿದ್ರೆ ಬಾತ್ರೂಮಲ್ಲಿ ಹಿಡಿಕೆ ಇರೋ ರೂಮ್ ಸಿಕ್ಕಿದ್ರೂ ಸಿಗಬಹುದು. ಆದ್ರೆ ಹೋಟೆಲ್ಲಲ್ಲಿ ಏನಾಗತ್ತೆ ಅಂತ ನಮಗೆ ಗೊತ್ತು. ಊಟ ಆಯ್ತು, ಲಾಬೀಲಿ ಅರ್ಧ ಗಂಟೆ ನಿಂತ್ಕೊಂಡೇ ಮಾತಾಡಿದ್ವಿ, ಕಾಲು ನೋವು ಅಂತ ಒಬ್ಬರು ಹೊರಟ್ರು, ಅವರ ಹಿಂದೆ ಇನ್ನೊಬ್ಬರು, ಆಮೇಲೆ ಎಲ್ಲರೂ ಅವರವರ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಫೋನ್ ನೋಡ್ತಾ ಮಲಗಿದ್ರು. ಅದಕ್ಕೆ ಅಷ್ಟು ದೂರದಿಂದ ಯಾಕೆ ಬರಬೇಕು, ಫೋನ್ ಮನೇಲೂ ಇದೆ. ಇಡೀ ಮನೆ ತಗೊಂಡ್ರೆ ರಾತ್ರಿ ಹನ್ನೊಂದಕ್ಕೆ ಯಾರಿಗೋ ನಿದ್ದೆ ಬರಲ್ಲ, ಹಾಲ್‌ಗೆ ಬರ್ತಾರೆ, ಅಲ್ಲಿ ಇನ್ನಿಬ್ಬರು ನಿದ್ದೆ ಬರದೇ ಕೂತಿರ್ತಾರೆ. ರೀಯೂನಿಯನ್ ಅನ್ನೋದು ನಡೆಯೋದೇ ಅಲ್ಲಿ. ಹಗಲು ಹೊತ್ತಿಂದೆಲ್ಲಾ ಬರೀ ಹಾಜರಿ. ಹಾಗಾಗಿ ನನ್ನ ಓಟು ಈಗಲೂ ಮನೆಗೇನೇ.

ಈಗ ಲಿಸ್ಟಿಂಗಿನ ಕತೆಗೆ ಬರ್ತೀನಿ. ಫೋಟೋ ನೋಡಿದ್ರೆ ಸ್ವಿಮಿಂಗ್ ಪೂಲು, ಉಯ್ಯಾಲೆ ಥರ ನೇತಾಡೋ ಕುರ್ಚಿ, ಟೆರೇಸಿಂದ ಸೂರ್ಯಾಸ್ತ, ಹಾಲ್ ತುಂಬಾ ಬಣ್ಣಬಣ್ಣದ ಬೀನ್ ಬ್ಯಾಗು. ನಲವತ್ತು ಫೋಟೋ ಇತ್ತೇನೋ, ಅದರಲ್ಲಿ ಪೂಲ್‌ದೇ ಅರ್ಧ. ಬಾತ್ರೂಮ್‌ದು ಒಂದೇ ಒಂದು, ಅದೂ ಕನ್ನಡಿ ಮತ್ತೆ ಒಂದು ಹೂಕುಂಡ ಮಾತ್ರ ಕಾಣೋ ಹಾಗೆ ತೆಗೆದಿದ್ದು. ನೆಲ ಹೇಗಿದೆ, ಒಳಗೆ ಹೋಗೋಕೆ ಮೆಟ್ಟಿಲಿದೆಯಾ, ಕಮೋಡ್ ಎಷ್ಟೆತ್ತರ ಇದೆ, ಏನೂ ಗೊತ್ತಾಗಲ್ಲ. ಪೂಲ್‌ಗೆ ನಮ್ಮಲ್ಲಿ ಇಳಿದಿದ್ದು ಇಬ್ಬರೇ, ಅದೂ ಮೊಣಕಾಲ್ತನಕ. ಬಾತ್ರೂಮ್‌ಗೆ ಒಬ್ಬೊಬ್ಬರು ರಾತ್ರಿ ಎರಡೆರಡು ಸಲ ಹೋಗ್ತಾರೆ. ದುಡ್ಡು ಎಲ್ಲಿಗೆ ಹಾಕ್ಬೇಕಿತ್ತು ಅಂತ ನೀವೇ ಹೇಳಿ.

ಬೀನ್ ಬ್ಯಾಗ್ ಬಗ್ಗೆ ನನಗೆ ನಿಜವಾಗ್ಲೂ ಸಿಟ್ಟಿದೆ. ಕೂರೋದೇನೋ ಕೂತುಬಿಡಬಹುದು, ಏಳೋದು ಹೇಗೆ? ನಮ್ಮಲ್ಲೊಬ್ಬ ಕಾಲೇಜಲ್ಲಿ ಹೈಜಂಪ್ ಚಾಂಪಿಯನ್ನು, ಅವನನ್ನ ಬೀನ್ ಬ್ಯಾಗಿಂದ ಎತ್ತೋಕೆ ಇಬ್ಬರು ಬೇಕಾಯ್ತು, ಎತ್ತಿದವರಲ್ಲಿ ಒಬ್ಬಳು ಸೊಂಟ ಹಿಡ್ಕೊಂಡ್ಳು. ನಮ್ಮ ಗ್ಯಾಂಗಲ್ಲಿರೋ ಡಾಕ್ಟರಮ್ಮ ಅದೇ ನೆಪ ಮಾಡ್ಕೊಂಡು ಎಲ್ಲರಿಗೂ ಒಂದು ಪರೀಕ್ಷೆ ಇಟ್ಬಿಟ್ಳು. ಕೈ ಇಲ್ಲದ ನೆಟ್ಟಗಿನ ಕುರ್ಚೀಲಿ ಕೂತು, ಎರಡೂ ಕೈ ಎದೆ ಮೇಲೆ ಕ್ರಾಸ್ ಮಾಡಿ, 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರ್ತೀರಿ ಅನ್ನೋದು. ಅಮೆರಿಕಾ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರು ವಯಸ್ಸಾದವರು ಬೀಳೋ ಅಪಾಯ ಎಷ್ಟಿದೆ ಅಂತ ನೋಡೋಕೆ ಇಟ್ಟಿರೋ ಟೆಸ್ಟ್ ಇದು, 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ ಕಮ್ಮಿ, ಹೆಂಗಸರು 12ಕ್ಕಿಂತ ಕಮ್ಮಿ ಮಾಡಿದ್ರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕ. ರಿಸಲ್ಟ್ ಯಾರದ್ದು ಏನು ಅಂತ ಹೇಳಲ್ಲ, ಹೇಳಿದ್ರೆ ಗ್ರೂಪಿಂದ ತೆಗೆದುಹಾಕ್ತಾರೆ. ಎಕ್ಸಾಮಲ್ಲಿ ಯಾವಾಗ್ಲೂ ಲಾಸ್ಟ್ ಬೆಂಚಲ್ಲಿದ್ದವನೇ ಇದರಲ್ಲಿ ಫಸ್ಟ್ ರ್‍ಯಾಂಕ್ ಬಂದ ಅನ್ನೋದಷ್ಟೇ ಹೇಳ್ತೀನಿ. ಅದಾದ ಮೇಲೆ ಕೇರ್‌ಟೇಕರ್ ಹುಡುಗನಿಗೆ ಹೇಳಿ ಡೈನಿಂಗ್ ಟೇಬಲ್ ಕುರ್ಚಿಗಳನ್ನೆಲ್ಲಾ ಹಾಲ್‌ಗೆ ಹಾಕಿಸ್ಕೊಂಡ್ವಿ, ಬೀನ್ ಬ್ಯಾಗೆಲ್ಲಾ ಟೆರೇಸಿಗೆ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಹೋಗಬಾರದು, ಏಳೋವಾಗ ಊರೋಕೆ ಕೈ ಇರಬೇಕು. ಇಂಥ ಕುರ್ಚಿ ತಲೆಗೊಂದು ಇದೆಯಾ ಅಂತ ಬುಕ್ ಮಾಡೋ ಮುಂಚೆ ಕೇಳಿ. ಕೇಳಿದ್ರೆ ನಗ್ತಾರೆ, ನಗಲಿ.

ಬೆಡ್‌ರೂಮು. ನಾಲ್ಕಿದಾವೆ ಅಂತ ಬರೆದಿದ್ರು, ಸುಳ್ಳಲ್ಲ, ಆದ್ರೆ ಕೆಳಗಿರೋದು ಒಂದೇ, ಮಿಕ್ಕ ಮೂರು ಮೇಲೆ. ಮೇಲೆ ಹೋಗೋ ಮೆಟ್ಟಿಲೋ, ಮ್ಯಾಗಜೀನಲ್ಲಿ ಬರೋ ಥರದ್ದು, ಗೋಡೆಯಿಂದ ಮರದ ಹಲಗೆ ಹೊರಗೆ ಬಂದಿದೆ, ಮಧ್ಯೆ ಎಲ್ಲಾ ಖಾಲಿ, ಹಿಡ್ಕೊಳೋಕೆ ಏನೂ ಇಲ್ಲ. ನೋಡೋಕೆ ಚಂದ ಅಂತ ಒಪ್ಕೋತೀನಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ, ಆಕಸ್ಮಿಕ ಗಾಯಗಳಿಂದಾಗೋ ಸಾವಲ್ಲಿ ರೋಡ್ ಆ್ಯಕ್ಸಿಡೆಂಟ್ ಬಿಟ್ರೆ ಇದೇ ಎರಡನೇದು, ಅದರಲ್ಲೂ 60 ದಾಟಿದವರೇ ಜಾಸ್ತಿ. ಇದನ್ನ ಡಾಕ್ಟರಮ್ಮ ಮೆಟ್ಟಿಲು ಹತ್ತೋವಾಗಲೇ ಜೋರಾಗಿ ಹೇಳ್ತಾ ಹತ್ತಿದ್ಳು, ಹಿಂದೆ ಬರ್ತಿದ್ದವನು "ಲೇ, ಸುಮ್ನೆ ಹತ್ತೇ ತಾಯಿ, ಮೇಲೆ ಹೋದ ಮೇಲೆ ಹೇಳು" ಅಂತ ಬೇಡ್ಕೊಂಡ. ಕೊನೆಗೆ ಮಂಡಿ ಆಪರೇಷನ್ ಆದವಳಿಗೂ ಶುಗರ್‌ನವನಿಗೂ ಕೆಳಗೇ ಜಾಗ ಮಾಡ್ಬೇಕಿತ್ತು, ರೂಮ್ ಒಂದೇ, ಹಾಗಾಗಿ ಅವಳಿಗೆ ರೂಮು, ಅವನಿಗೆ ಹಾಲಿನ ದಿವಾನು ಅಂತ ಆಯ್ತು. ಅವನಿಗೇನೂ ಬೇಜಾರಿರಲಿಲ್ಲ, ಹಾಸ್ಟೆಲಲ್ಲಿ ಕಾರಿಡಾರಲ್ಲಿ ಮಲಗಿದವನು ನಾನು ಅಂದ. ಆದ್ರೂ ದುಡ್ಡು ಸಮ ಕೊಟ್ಟವನು ದಿವಾನ್ ಮೇಲೆ ಮಲಗೋದು ಸರಿಯಲ್ಲ. ಎಷ್ಟು ಬೆಡ್‌ರೂಮ್ ಅಂತ ಕೇಳೋದಲ್ಲ, ನೆಲ ಮಟ್ಟದಲ್ಲಿ ಎಷ್ಟು ಅಂತ ಕೇಳ್ಬೇಕು.

ಬಾತ್ರೂಮಿಗೆ ಬರೋಣ. ಬಾಗಿಲಲ್ಲಿ ನಾಲ್ಕಿಂಚಿನ ಹೊಸ್ತಿಲು, ದಾಟಿದ ಕೂಡ್ಲೇ ಒಂದು ಮೆಟ್ಟಿಲು ಕೆಳಗೆ, ಒಳಗೆ ಕನ್ನಡಿ ಥರ ಹೊಳೆಯೋ ಟೈಲ್ಸು, ಸ್ನಾನ ಮಾಡೋ ಜಾಗಕ್ಕೂ ಕಮೋಡ್‌ಗೂ ಮಧ್ಯೆ ಅಡ್ಡ ಏನೂ ಇಲ್ಲದೆ ನೀರೆಲ್ಲಾ ಒಂದೇ ಕಡೆ. ಒಬ್ಬರು ಸ್ನಾನ ಮಾಡಿ ಬಂದ ಮೇಲೆ ಇನ್ನೊಬ್ಬರು ಹೋಗೋದು ಅಂದ್ರೆ ಐಸ್ ಮೇಲೆ ನಡೆದ ಹಾಗೆ. ಕಮೋಡು ಗೋಡೆಗೆ ಫಿಕ್ಸ್ ಮಾಡಿರೋ ಸ್ಟೈಲಿಶ್ ಪೈಕಿ, ಆದ್ರೆ ಎಷ್ಟು ತಗ್ಗು ಅಂದ್ರೆ ಕೂತ್ರೆ ಮಂಡಿ ಗಲ್ಲಕ್ಕೆ ಬರತ್ತೆ. ಅಮೆರಿಕಾದ ಎಡಿಎ ಅನ್ನೋ ಅಂಗವಿಕಲರ ಕಾಯ್ದೆಯ ಅಳತೆಗಳಲ್ಲಿ ಸೀಟು ನೆಲದಿಂದ 17ರಿಂದ 19 ಇಂಚು ಎತ್ತರ ಇರಬೇಕು ಅಂತಿದೆ, ಬಾಗಿಲು ತೆರೆದಾಗ ಕನಿಷ್ಠ 32 ಇಂಚು ಜಾಗ ಸಿಗಬೇಕು ಅಂತಿದೆ, ರ್‍ಯಾಂಪ್ ಇದ್ರೆ ಒಂದಿಂಚು ಏರೋಕೆ ಹನ್ನೆರಡಿಂಚು ಉದ್ದ ಬೇಕು ಅಂತಿದೆ. ಬಾಡಿಗೆ ಮನೆ ಕಟ್ಟೋರೆಲ್ಲಾ ಕಾನೂನಿನ ಪುಸ್ತಕ ಹಿಡ್ಕೊಂಡು ಕಟ್ಟಲಿ ಅಂತ ಹೇಳ್ತಿಲ್ಲ, ಆದ್ರೆ ಒಂದು ಟೇಪ್ ತಗೊಂಡು ಅಳತೆ ಮಾಡಿ ಫೋಟೋ ಹಾಕಿ ಅಂದ್ರೆ ಐದು ನಿಮಿಷದ ಕೆಲಸ. ಕಮೋಡ್ ಪಕ್ಕ ಟವೆಲ್ ಹಾಕೋ ರಾಡ್ ಒಂದಿತ್ತು, ಅದನ್ನ ಹಿಡ್ಕೊಂಡು ಎದ್ದೇಳಬೇಡಿ ಅಂತ ಎಲ್ಲರಿಗೂ ಹೇಳಿದ್ವಿ, ಟವೆಲ್ ರಾಡು ಟವೆಲ್ ಭಾರ ತಡೆಯೋಕೆ ಮಾಡಿರೋದು, ನಮ್ಮ ಭಾರಕ್ಕಲ್ಲ. ಹೋಗೋವಾಗ ಒಂದೆರಡು ರಬ್ಬರ್ ಮ್ಯಾಟು ಬ್ಯಾಗಲ್ಲಿ ಹಾಕ್ಕೊಂಡು ಹೋಗಿ, ಭಾರ ಆದ್ರೂ ಪರವಾಗಿಲ್ಲ. ಡಾಕ್ಟರಮ್ಮ ತಂದಿದ್ಳು, ಅವಳಿಗೆ ಆ ರಾತ್ರಿ ಎಲ್ಲರೂ ಮನಸಲ್ಲೇ ಕೈ ಮುಗಿದಿದೀವಿ.

ಲೈಟು ಇನ್ನೊಂದು ಕಾಟ. ಇಡೀ ಮನೆ ಮೂಡ್ ಲೈಟಿಂಗ್. ಮೂಲೇಲಿ ಒಂದು ಹಳದಿ ಬಲ್ಬು, ಗೋಡೆ ಹಿಂದೆ ಒಂದು ಸ್ಟ್ರಿಪ್ಪು, ಅಷ್ಟೇ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಚಿಕ್ಕದಾಗತ್ತೆ, ಲೆನ್ಸು ಹಳದಿ ತಿರುಗತ್ತೆ, ಹಾಗಾಗಿ 60 ವರ್ಷದವರ ರೆಟಿನಾಗೆ ತಲುಪೋದು 20 ವರ್ಷದವರಿಗೆ ತಲುಪೋ ಬೆಳಕಲ್ಲಿ ಸುಮಾರು ಮೂರನೇ ಒಂದು ಭಾಗ ಅಷ್ಟೇ. ಅಂದ್ರೆ ಮಕ್ಕಳಿಗೆ ರೊಮ್ಯಾಂಟಿಕ್ಕಾಗಿ ಕಾಣೋ ಬೆಳಕು ನಮಗೆ ಕರೆಂಟ್ ಹೋದ ಹಾಗೆ. ಮಾತ್ರೆ ಶೀಟ್ ಮೇಲೆ ಬೆಳಗ್ಗೆಯದಾ ರಾತ್ರಿಯದಾ ಅಂತ ಓದೋಕೆ ಎಲ್ಲರೂ ಮೊಬೈಲ್ ಟಾರ್ಚ್ ಹಾಕ್ಕೊಂಡಿದ್ದು ನೋಡಿದ್ರೆ ಕಳ್ಳರ ಗ್ಯಾಂಗ್ ಬಂದಿದೆ ಅಂದ್ಕೋಬೇಕು. ಮಂಚದಿಂದ ಬಾತ್ರೂಮ್ ತನಕ ನೆಲದ ಹತ್ತಿರ ಒಂದು ಸಣ್ಣ ನೈಟ್ ಲ್ಯಾಂಪ್ ಇದ್ರೆ ಸಾಕಿತ್ತು. ಸ್ವಿಚ್‌ಗಳೂ ಮಂಚದಿಂದ ಎದ್ದು ಹೋಗಿ ಹಾಕೋ ಕಡೆನೇ ಇದ್ವು.

ಪ್ಲಗ್ ಪಾಯಿಂಟ್ ಅಂದ್ರೆ ನಿಮಗೆ ಫೋನ್ ಚಾರ್ಜಿಂಗ್ ನೆನಪಾಗತ್ತೆ. ನಮಗೆ ಸಿಪ್ಯಾಪ್ ಮಷೀನು. ನಿದ್ದೇಲಿ ಉಸಿರು ನಿಂತು ನಿಂತು ಬರೋ ಸ್ಲೀಪ್ ಆ್ಯಪ್ನಿಯಾ ಇರೋರಿಗೆ ಮಾಸ್ಕ್ ಮೂಲಕ ಗಾಳಿ ತಳ್ಳೋ ಮಷೀನದು, ತಲೆ ಹತ್ತಿರ ಪ್ಲಗ್ ಬೇಕು, ಮಷೀನ್ ಇಡೋಕೆ ಸೈಡ್ ಟೇಬಲ್ ಬೇಕು, ಕರೆಂಟ್ ಹೋದ್ರೆ ಬ್ಯಾಕಪ್ಪೂ ಬೇಕು. ಇಲ್ಲಿ ಪ್ಲಗ್ ಇದ್ದಿದ್ದು ರೂಮಿನ ಆ ತುದೀಲಿ. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಮಧ್ಯೆ ವೈರ್ ಬಿಟ್ರೆ ರಾತ್ರಿ ಏಳೋರು ಎಡವ್ತಾರೆ, ಹಾಗಾಗಿ ಮಂಚನೇ ತಳ್ಳಿದ್ವಿ. ಅಷ್ಟೆಲ್ಲಾ ಮಾಡಿದ್ದಕ್ಕೆ ಅವನ ರೂಮಲ್ಲಿ ಪೂರ್ತಿ ಶಾಂತಿ, ಮಷೀನ್ ಇಲ್ಲದೆ ಗೊರಕೆ ಹೊಡೆಯೋ ಇನ್ನಿಬ್ಬರು ಇದ್ರಲ್ಲ, ಅವರ ಸದ್ದಿಗೆ ಪಕ್ಕದ ರೂಮೋರು ಎದ್ದು ಹಾಲ್‌ಗೆ ಬಂದಿದ್ದು. ರೂಮ್ ಹಂಚೋವಾಗ ಯಾರು ಯಾರ ಬೆಸ್ಟ್ ಫ್ರೆಂಡ್ ಅನ್ನೋದು ಬಿಟ್ಟು ಯಾರು ಗೊರಕೆ, ಯಾರಿಗೆ ಗಾಢ ನಿದ್ದೆ, ಯಾರು ನಾಲ್ಕೂವರೆಗೇ ಏಳೋರು ಅಂತ ನೋಡಿ ಹಂಚಿ. ಎರಡು ಗೊರಕೆ ಒಂದೇ ರೂಮಲ್ಲಿ ಹಾಕಿದ್ರೆ ಯಾರೂ ಕಂಪ್ಲೇಂಟ್ ಮಾಡಲ್ಲ.

ಫ್ರಿಜ್ ಬಗ್ಗೆ ಇನ್ಸುಲಿನ್ ತಗೊಳೋರು ಕೇಳಿಸ್ಕೊಳಿ. ಓಪನ್ ಮಾಡದ ಇನ್ಸುಲಿನ್ ಪೆನ್ನು, ಅಂದ್ರೆ ಪೆನ್ ಥರದ ಇಂಜೆಕ್ಷನ್ನು, 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು, ಗಟ್ಟಿಯಾಗಿ ಹೆಪ್ಪುಗಟ್ಟಿದ್ರೆ ಆಮೇಲೆ ಕರಗಿದ್ರೂ ಅದನ್ನ ಬಳಸೋ ಹಾಗಿಲ್ಲ. ಇಲ್ಲಿದ್ದಿದ್ದು ಸಣ್ಣ ಮಿನಿ ಫ್ರಿಜ್ಜು, ಹಿಂದಿನ ಗೋಡೆಗೆ ಐಸ್ ಕಟ್ಟಿತ್ತು, ಅದಕ್ಕೆ ತಾಗಿಸಿ ಇಟ್ಟಿದ್ರೆ ಔಷಧಿ ಕತೆ ಮುಗೀತಿತ್ತು. ಬಾಗಿಲ ಕಡೆ ಡಬ್ಬೀಲಿ ಹಾಕಿ ಇಟ್ವಿ. ದಿನಾ ಬಳಸ್ತಿರೋ ಪೆನ್ನನ್ನ ಸಾಮಾನ್ಯವಾಗಿ ರೂಮ್ ಟೆಂಪರೇಚರಲ್ಲೇ ಸುಮಾರು 28 ದಿನ ಇಡಬಹುದು, ಬಿಸಿಲಿಗೆ, ಕಾರ್ ಡ್ಯಾಶ್‌ಬೋರ್ಡ್‌ಗೆ ಇಡಬಾರದು ಅಷ್ಟೇ, ಬ್ರ್ಯಾಂಡಿಂದ ಬ್ರ್ಯಾಂಡಿಗೆ ದಿನ ಬೇರೆ ಇರತ್ತೆ, ಒಳಗಿರೋ ಚೀಟಿ ಓದಿ. ಫ್ರೆಂಡ್ಸ್ ಸಿಕ್ಕಿದ ಖುಷೀಲಿ ಊಟ ಲೇಟ್ ಮಾಡಿ ಎರಡು ಗ್ಲಾಸ್ ಜಾಸ್ತಿ ಹಾಕಿದ್ರೆ ಶುಗರ್ ಇಳಿಯೋ ಅಪಾಯ ಇದೆ ಅಂತ ನಮ್ಮ ಡಾಕ್ಟರಮ್ಮ ಗ್ಲಾಸ್ ಎತ್ತೋ ಮುಂಚೆನೇ ಭಾಷಣ ಮಾಡಿದ್ಳು. ಅವಳು ಕಾಲೇಜಲ್ಲೂ ಹೀಗೇ ಇದ್ಳು, ಪಿಕ್ನಿಕ್ಕಿಗೆ ಡೆಟಾಲ್ ತರ್ತಿದ್ಳು.

ಹಾಲ್ ವಿಷಯ ಸ್ವಲ್ಪ ಜಾಸ್ತಿ ಬರೀಬೇಕು, ಇಡೀ ಟ್ರಿಪ್ಪಿನ ಜೀವ ಅದು. ಎತ್ತರದ ಸೀಲಿಂಗು, ಒಂದು ಕಡೆ ಪೂರ್ತಿ ಗಾಜು, ನೆಲ ಬರೀ ಟೈಲ್ಸು, ಪರದೆ ಇಲ್ಲ, ಕಾರ್ಪೆಟ್ ಇಲ್ಲ. ಫೋಟೋದಲ್ಲಿ ಅರಮನೆ. ಕೂತು ಮಾತಾಡಿದ್ರೆ ಒಬ್ಬರು ನಕ್ಕಿದ್ದು ನಾಲ್ಕು ಗೋಡೆಗೆ ಬಡಿದು ವಾಪಸ್ ಬರ್ತಿತ್ತು, ಅದರ ಮೇಲೆ ಮೂಲೇಲಿ ಬ್ಲೂಟೂತ್ ಸ್ಪೀಕರಲ್ಲಿ ಹಳೇ ಹಾಡು ಹಾಕಿದ್ರು ಯಾರೋ ಉತ್ಸಾಹಿಗಳು. ವಯಸ್ಸಿಗೆ ಕಿವಿ ಮಂದ ಆಗೋವಾಗ ಮೊದಲು ಹೋಗೋದು ಹೈ ಫ್ರೀಕ್ವೆನ್ಸಿ, ಅಂದ್ರೆ ಸ, ಶ, ಫ, ತ ಥರದ ಅಕ್ಷರಗಳು. ಮಾತಿನ ಸದ್ದು ಕೇಳಿಸತ್ತೆ, ಮಾತು ಬಿಡಿಸಿ ಅರ್ಥ ಆಗಲ್ಲ. ಗಲಾಟೆ ಜಾಸ್ತಿ ಆದ್ರೆ ಅಂಥವರು ಏನು ಮಾಡ್ತಾರೆ ಗೊತ್ತಾ, ಏನಂದೆ ಅಂತ ಎರಡು ಸಲ ಕೇಳ್ತಾರೆ, ಮೂರನೇ ಸಲ ಕೇಳೋಕೆ ನಾಚಿಕೆ, ಎಲ್ಲರೂ ನಕ್ಕಾಗ ತಾವೂ ನಗ್ತಾರೆ. ನಮ್ಮ ಕ್ಲಾಸಲ್ಲಿ ಅತೀ ತಮಾಷೆ ಮಾಡ್ತಿದ್ದವನೇ ಈಗ ಹಾಗೆ ಕೂತಿದ್ದ. ಹಿಯರಿಂಗ್ ಏಡ್ ಇದೆ, ಆದ್ರೆ ಈ ಥರ ರೂಮಲ್ಲಿ ಅದು ಎಕೋನೂ ದೊಡ್ಡದು ಮಾಡಿ ಕೊಡತ್ತೆ. ಅವನ ಪಕ್ಕ ಕೂತಿದ್ದವಳಿಗೆ ಗೊತ್ತಾಗಿ ಎದ್ದು ಹೋಗಿ ಹಾಡು ಆಫ್ ಮಾಡಿದ್ಳು, ಮೇಲಿಂದ ರಗ್ಗು, ಹೊದಿಕೆ ಎಲ್ಲಾ ತರಿಸಿ ಗಾಜಿನ ಕಡೆ ನೇತುಹಾಕಿ ನೆಲಕ್ಕೆ ಹಾಸಿದ್ವಿ, ಅವನನ್ನ ಗೋಡೆಗೆ ಬೆನ್ನು ಮಾಡಿ ಎಲ್ಲರ ಮುಖ ಕಾಣೋ ಹಾಗೆ ಕೂರಿಸಿದ್ವಿ. ಹತ್ತು ನಿಮಿಷಕ್ಕೆ ಹಳೇ ಮನುಷ್ಯ ವಾಪಸ್ ಬಂದ, ಬಂದವನು ಮೊದಲು ಕಿಚಾಯಿಸಿದ್ದು ನನ್ನ ತಲೆ ಕೂದಲನ್ನ.

ಇನ್ನೊಂದು ವಿಷಯ, ಆರೇಳು ಜನ ಒಟ್ಟಿಗೆ ಕೂತ್ರೂ ಮಾತು ತಾನಾಗೇ ಎರಡು ಗುಂಪಾಗಿ ಒಡೆಯತ್ತೆ. ಡನ್‌ಬಾರ್ ಅನ್ನೋ ವಿಜ್ಞಾನಿ ಮತ್ತವರ ಜೊತೆಗಾರರು 1995ರಲ್ಲಿ ಇದನ್ನೇ ನೋಡಿ ಬರೆದಿದಾರೆ, ಒಂದು ಮಾತುಕತೇಲಿ ಸುಮಾರು ನಾಲ್ಕು ಜನರ ತನಕ ನಿಲ್ಲತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಬೇರೆ ಮಾತು ಶುರುವಾಗತ್ತೆ ಅಂತ. ಹಾಗಾಗಿ ಎಲ್ಲರೂ ಒಟ್ಟಿಗೇ ಮಾತಾಡ್ಬೇಕು ಅಂತ ಹಠ ಹಿಡಿಯೋ ಆರ್ಗನೈಸರ್‌ಗಳಿಗೆ ಹೇಳೋದು, ಬಿಟ್ಬಿಡಿ. ಗೇಮ್ಸು, ಇಂಟ್ರೊಡಕ್ಷನ್ನು, ಮೈಕ್ ಹಿಡ್ಕೊಂಡು ನಿಮ್ಮ ಸಾಧನೆ ಹೇಳಿ ಅನ್ನೋದು, ಇವೆಲ್ಲಾ ಆಫೀಸ್ ಟ್ರೈನಿಂಗಿಗೆ ಸರಿ. ಮನೇಲಿ ಒಂದು ದೊಡ್ಡ ಹಾಲ್ ಜೊತೆಗೆ ನಾಲ್ಕು ಜನ ಕೂರೋ ಒಂದು ವರಾಂಡ, ಒಂದು ಅಡುಗೆಮನೆ ಕಟ್ಟೆ ಇದ್ರೆ ಸಾಕು, ಜನ ಅವರೇ ಹರಡಿಕೊಳ್ತಾರೆ. ಈ ಮನೇಲಿ ವರಾಂಡ ಅದ್ಭುತ. ಮರದ ಬೆಂಚು, ಬೆನ್ನಿಗೆ ಒರಗು, ಪಕ್ಕದಲ್ಲಿ ಟೀ ಇಡೋಕೆ ಜಾಗ. ಯಾರು ಡಿಸೈನ್ ಮಾಡಿದ್ರೋ ಅವರಿಗೆ ಪೂರ್ತಿ ಮಾರ್ಕ್ಸು. ನನಗನಿಸೋ ಪ್ರಕಾರ ಅದು ಮನೆ ಕಟ್ಟೋ ಮುಂಚಿಂದ ಇದ್ದ ಹಳೇ ಬೆಂಚು, ಆರ್ಕಿಟೆಕ್ಟ್ ಕಣ್ಣಿಗೆ ಬೀಳದೆ ಉಳ್ಕೊಂಡಿದೆ.

ಅಲ್ಲಿ ಕೂತು ಏನು ಮಾತಾಡಿದ್ವಿ ಅಂತ ರಿವ್ಯೂಲಿ ಬರೆಯೋದು ಸರಿನಾ ಗೊತ್ತಿಲ್ಲ, ಆದ್ರೂ ಸ್ವಲ್ಪ. ಮೊದಲ ಸಂಜೆ ಬರೀ ರಿಪೋರ್ಟ್ ಕಾರ್ಡು. ಮಕ್ಕಳು ಎಲ್ಲಿದಾರೆ, ಯಾವಾಗ ರಿಟೈರಾದೆ, ಎಷ್ಟು ಸ್ಟೆಂಟು. ಅದು ಮುಗಿದ ಮೇಲೇ ನಿಜವಾದ್ದು ಶುರು, ಅದಕ್ಕೇ ಒಂದೇ ರಾತ್ರಿ ಬುಕ್ ಮಾಡೋರಿಗೆ ನಾನು ಬೇಡ ಅನ್ನೋದು, ರಿಪೋರ್ಟ್ ಮುಗಿಯೋ ಹೊತ್ತಿಗೆ ಚೆಕ್‌ಔಟ್ ಟೈಮ್ ಬಂದಿರತ್ತೆ. ಎರಡು ರಾತ್ರಿ ಸರಿಯಾದ ಅಳತೆ. ಮೂರಾದ್ರೆ ಒಬ್ಬರ ಮಾತ್ರೆ ಖಾಲಿ, ಇನ್ನೊಬ್ಬರಿಗೆ ಮನೆ ನೆನಪು, ಹಳೇ ಜಗಳಗಳಿಗೂ ಜೀವ ಬರೋಕೆ ಶುರುವಾಗತ್ತೆ. ಹದಿಹರೆಯದಿಂದ ಇಪ್ಪತ್ತೈದು ಮೂವತ್ತರ ತನಕದ ನೆನಪುಗಳು ಮುದುಕರಾದ ಮೇಲೆ ಮಿಕ್ಕ ವಯಸ್ಸಿನದಕ್ಕಿಂತ ಜಾಸ್ತಿ ಬರ್ತವೆ ಅಂತ ಮನಶ್ಶಾಸ್ತ್ರದವರು ಹೇಳ್ತಾರೆ, ಅದಕ್ಕೆ ರೆಮಿನಿಸೆನ್ಸ್ ಬಂಪ್ ಅಂತ ಹೆಸರು. ಬರ್ತವೆ ಸರಿ, ಒಬ್ಬೊಬ್ಬರಿಗೆ ಒಂದೊಂದು ಥರ ಬರ್ತವೆ ಅನ್ನೋದು ನಾನು ಸೇರಿಸೋದು. ಲ್ಯಾಬಲ್ಲಿ ಬೀಕರ್ ಒಡೆದಿದ್ದು ಯಾರು ಅನ್ನೋದು ನಲವತ್ತು ವರ್ಷ ಆದ್ರೂ ತೀರ್ಮಾನ ಆಗಿಲ್ಲ, ಮೂರು ಜನ ನಾನೇ ಅಂತಾರೆ, ನಿಜವಾಗಿ ಒಡೆದವನು ಈಗ ಇಲ್ಲ, ಹೋಗಿ ಕೆಲವು ವರ್ಷ ಆಯ್ತು. ಅವನ ಬಗ್ಗೆ ಅಳೋದೇನೂ ಮಾಡ್ಲಿಲ್ಲ, ಅವನ ಸಾಲದ ಪಟ್ಟಿ ಮಾಡಿದ್ವಿ, ಯಾರ್‍ಯಾರ ಹತ್ತಿರ ಎಷ್ಟೆಷ್ಟು ಇಸ್ಕೊಂಡು ವಾಪಸ್ ಕೊಡದೇ ಹೋದ ಅಂತ.

ಇಷ್ಟು ಕಷ್ಟಪಟ್ಟು ಹಳಬರೇ ಯಾಕೆ ಸೇರಬೇಕು, ವಾಕಿಂಗಲ್ಲಿ ಹೊಸ ಫ್ರೆಂಡ್ಸ್ ಇಲ್ವಾ ಅಂತ ನನ್ನ ಮಗಳು ಕೇಳಿದ್ಳು. ಕ್ಯಾನ್ಸಸ್ ಯೂನಿವರ್ಸಿಟಿಯ ಜೆಫ್ರಿ ಹಾಲ್ ಅನ್ನೋರು 2018ರಲ್ಲಿ ಲೆಕ್ಕ ಹಾಕಿದ್ರು, ಪರಿಚಯದವರು ಸಾಧಾರಣ ಫ್ರೆಂಡ್ ಆಗೋಕೆ ಸುಮಾರು 50 ಗಂಟೆ ಜೊತೆಗೆ ಕಳೀಬೇಕು, ತೀರಾ ಹತ್ತಿರದವರಾಗೋಕೆ 200 ಗಂಟೆಗೂ ಜಾಸ್ತಿ. ಹಾಸ್ಟೆಲಲ್ಲಿ 200 ಗಂಟೆ ಅಂದ್ರೆ ಎರಡು ವಾರ ಸಾಕು. ಬೆಳಗ್ಗೆ ವಾಕಿಂಗಲ್ಲಿ ದಿನಕ್ಕೆ ಅರ್ಧ ಗಂಟೆ ಮಾತಾಡಿದ್ರೆ ಎಷ್ಟು ದಿನ ಬೇಕು ಅಂತ ನೀವೇ ಭಾಗಿಸಿ.

ದುಡ್ಡಿನ ವಿಚಾರ. ಈ ಮನೆಗಳು ತಲೆ ಲೆಕ್ಕ ಅಲ್ಲ, ಇಡೀ ಮನೆಗೆ ಒಂದೇ ರೇಟು. ಇಪ್ಪತ್ತರಲ್ಲಿ ಯಾರಾದ್ರೂ ಕೈ ಕೊಟ್ರೆ ಸೋಮಾರಿ ಅಂತ ಬೈತಿದ್ವಿ, ಈ ವಯಸ್ಸಲ್ಲಿ ಕೊನೇ ವಾರ ಒಬ್ಬರಾದ್ರೂ ಕ್ಯಾನ್ಸಲ್ ಮಾಡೇ ಮಾಡ್ತಾರೆ, ಆಸ್ಪತ್ರೆ, ಇಲ್ಲಾ ಮಗಳ ಹೆರಿಗೆ, ಇಲ್ಲಾ ತೊಂಬತ್ತು ದಾಟಿದ ಅಮ್ಮನಿಗೆ ಹುಷಾರಿಲ್ಲ. ನಮಗೂ ಅದೇ ಆಯ್ತು, ಒಬ್ಬಳು ಬರೋಕಾಗಲಿಲ್ಲ. ಅವಳ ಪಾಲು ವಾಪಸ್ ಕೊಡಿ ಅಂದ್ರೆ ಬುಕಿಂಗ್ ಆ್ಯಪಿನ ಕಸ್ಟಮರ್ ಕೇರು ಪಾಲಿಸಿ ಪ್ರಕಾರ ಆಗಲ್ಲ ಅಂತ ಒಂದೇ ಮಾತನ್ನ ಬೇರೆ ಬೇರೆ ಥರ ಹೇಳ್ತು. ಕ್ಯಾನ್ಸಲೇಷನ್ ನಿಯಮವನ್ನ ಪೂಲ್ ಫೋಟೋಗಿಂತ ಮೊದಲು ನೋಡಿ, ಚೆಕ್‌ಇನ್‌ಗೆ ಎಷ್ಟು ದಿನ ಮುಂಚೆ ತನಕ ಪೂರ್ತಿ ರಿಫಂಡ್, ಮೆಡಿಕಲ್ ಕಾರಣ ಇದ್ರೆ ಡೇಟ್ ಬದಲಾಯಿಸ್ತಾರಾ ಅಂತ ಬರಹದಲ್ಲಿ ತಗೊಳಿ. ನಮ್ಮ ಗ್ಯಾಂಗಿನ ಬ್ಯಾಂಕ್ ಆಫೀಸರ್ ಒಂದು ಒಳ್ಳೇ ಪದ್ಧತಿ ಮಾಡಿದ್ದ, ಎಲ್ಲರ ಪಾಲಿಗೂ ಸ್ವಲ್ಪ ಜಾಸ್ತಿ ಹಾಕಿಸ್ಕೊಂಡು ಅದರಲ್ಲೇ ಬರದೇ ಇದ್ದವರ ನಷ್ಟ ತುಂಬಿಸ್ದ, ಉಳಿದಿದ್ದನ್ನ ಮುಂದಿನ ಸಲಕ್ಕೆ ಇಟ್ಕೊಂಡ. ಇನ್ನೊಂದು ಉಪಕಾರ ಸದ್ದಿಲ್ಲದೆ ಮಾಡ್ದ. ನಲವತ್ತು ವರ್ಷ ಆದ ಮೇಲೆ ಎಲ್ಲರ ಜೇಬೂ ಒಂದೇ ಥರ ಇರಲ್ಲ, ಒಬ್ಬನ ಪಿಂಚಣಿ ಚೆನ್ನಾಗಿದೆ, ಇನ್ನೊಬ್ಬಳಿಗೆ ಪಿಂಚಣಿಯೇ ಇಲ್ಲ. ಯಾರು ಎಷ್ಟು ಹಾಕಿದ್ರು ಅಂತ ಅವನಿಗೊಬ್ಬನಿಗೇ ಗೊತ್ತು. ಖರ್ಚು ಹಂಚೋ ಆ್ಯಪ್‌ಗಳು ಬೇಕಾದಷ್ಟಿವೆ, ಅವುಗಳಲ್ಲಿ ಯಾರ ಬಾಕಿ ಎಷ್ಟು ಅಂತ ಎಲ್ಲರಿಗೂ ಕಾಣತ್ತೆ, ಹಾಗಾಗಿ ನಮ್ಮ ವಯಸ್ಸಿಗೆ ಬ್ಯಾಂಕ್ ಆಫೀಸರ್‌ನ ಡೈರಿನೇ ವಾಸಿ.

ದಾರಿ ಬಗ್ಗೆ ಒಂದು ಮಾತು. ನಾಲ್ಕು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂತು ಪ್ರಯಾಣ ಮಾಡಿದ್ರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟೋ ಅಪಾಯ ಸುಮಾರು ದುಪ್ಪಟ್ಟಾಗತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ, ವಿಮಾನ ಬಸ್ಸು ಕಾರು ಯಾವುದಾದ್ರೂ ಸರಿ. ಅದಕ್ಕೇ ಎಲ್ಲರಿಗೂ ನಾಲ್ಕು ಗಂಟೆ ಒಳಗೆ ಸಿಗೋ ಜಾಗ ಹುಡುಕಿ, ಸಿಗದಿದ್ರೆ ದಾರೀಲಿ ಇಳಿದು ಓಡಾಡ್ತಾ ಬನ್ನಿ. ಲಿಸ್ಟಿಂಗಲ್ಲಿ ಪೇಟೆಯಿಂದ ಸ್ವಲ್ಪವೇ ದೂರ ಅಂತ ಹಾಕಿದ್ರು, ಆ ಸ್ವಲ್ಪದಲ್ಲಿ ಕೊನೇ ಭಾಗ ಬರೀ ಗುಂಡಿ, ಸೊಂಟದ ಲೆಕ್ಕದಲ್ಲಿ ಅದೇ ಇಡೀ ಪ್ರಯಾಣ.

ಕೇರ್‌ಟೇಕರ್ ಹುಡುಗ ಚಿನ್ನ. ಬಂದ ತಕ್ಷಣ ಬ್ಯಾಗೆಲ್ಲಾ ಅವನೇ ಎತ್ಕೊಂಡ, ಅಂಕಲ್ ಮೆಲ್ಲಗೆ, ಆಂಟಿ ಇಲ್ಲಿ ಮೆಟ್ಟಿಲಿದೆ ಅಂತ ಪ್ರತೀ ಸಲ ಹೇಳ್ತಿದ್ದ, ಉಪ್ಪು ಕಮ್ಮಿ ಹಾಕಪ್ಪಾ ಅಂದ್ರೆ ಕಮ್ಮಿನೇ ಹಾಕಿದ, ಇಷ್ಟು ಜನರ ಬೇರೆ ಬೇರೆ ಪಥ್ಯ ಒಂದು ಚೀಟೀಲಿ ಬರ್ಕೊಂಡು ಅಡುಗೆಮನೆ ಗೋಡೆಗೆ ಅಂಟಿಸ್ಕೊಂಡಿದ್ದ. ನಾವು ರಾತ್ರಿ ಎರಡರ ತನಕ ಕೂಗಾಡಿದ್ರೂ ಬೆಳಗ್ಗೆ ಮುಖ ಸಿಂಡರಿಸಲಿಲ್ಲ. ಆದ್ರೆ ಅವನಿಗೂ ಗೊತ್ತಿಲ್ಲದೇ ಇದ್ದಿದ್ದು ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಎಮರ್ಜೆನ್ಸಿ ತೆಗೆದಿರತ್ತಾ, ಆ್ಯಂಬುಲೆನ್ಸ್‌ಗೆ ದಾರಿ ಹೇಗೆ ಹೇಳೋದು ಅನ್ನೋದು. ಮನೇಲಿ ನೆಟ್‌ವರ್ಕ್ ಸಿಗ್ತಿದ್ದಿದ್ದು ಟೆರೇಸಲ್ಲಿ ಮಾತ್ರ, ಆ ಹಿಡಿಕೆ ಇಲ್ಲದ ಮೆಟ್ಟಿಲು ಹತ್ತಿ. ಇದು ನನ್ನ ಲೆಕ್ಕದಲ್ಲಿ ಬಹಳ ದೊಡ್ಡ ಕೊರತೆ. ವಿಳಾಸ, ಮ್ಯಾಪ್ ಗುರುತು, ಆಸ್ಪತ್ರೆ ನಂಬರು ಇಷ್ಟನ್ನ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸೋಕೆ ಎಷ್ಟು ಖರ್ಚಾಗತ್ತೆ? ನಾವೇ ಬರೆದು ಅಂಟಿಸಿ ಬಂದಿದೀವಿ. ಪ್ರತಿಯೊಬ್ಬರೂ ತಮ್ಮ ಮಾತ್ರೆ ಪಟ್ಟಿ, ಅಲರ್ಜಿ, ಮನೆಯವರ ನಂಬರ್ ಇರೋ ಚೀಟಿ ಜೇಬಲ್ಲಿ ಇಟ್ಕೊಳಿ ಅಂತ ಡಾಕ್ಟರಮ್ಮನ ಆರ್ಡರು, ಇದಕ್ಕೆ ಮಾತ್ರ ಯಾರೂ ಎದುರು ಮಾತಾಡ್ಲಿಲ್ಲ.

ಫೋಟೋ ತೆಗೆದವರು ವಾಟ್ಸಾಪಲ್ಲಿ ಸುಮ್ನೆ ಹಾಕಿದ್ರೆ ಅದು ಕುಗ್ಗಿಸಿ ಕಳಿಸತ್ತೆ, ಪ್ರಿಂಟ್ ಹಾಕಿಸೋಕೆ ಹೋದ್ರೆ ಮುಖ ಎಲ್ಲಾ ಮಸುಕು. ಎಚ್‌ಡಿ ಅಂತ ಆಯ್ಕೆ ಇದೆ, ಇಲ್ಲಾ ಡಾಕ್ಯುಮೆಂಟ್ ಅಂತ ಕಳಿಸಿ. ಗಂಡ ಹೆಂಡತಿನ ಕರ್ಕೊಂಡು ಬರಬೇಕಾ ಅನ್ನೋ ಚರ್ಚೆಗೆ ನಾನು ಹೋಗಲ್ಲ, ನಾವು ಕರ್ಕೊಂಡು ಹೋಗಿರಲಿಲ್ಲ, ಪಾಪ ಅವರು ಬೀಕರ್ ಕತೆ ಇನ್ನೆಷ್ಟು ಸಲ ಕೇಳ್ಬೇಕು.

ಒಟ್ಟಲ್ಲಿ ವರಾಂಡಕ್ಕೆ, ಕೇರ್‌ಟೇಕರ್‌ಗೆ ಐದಕ್ಕೆ ಐದು. ಹಾಸಿಗೆ ಗಟ್ಟಿಯಾಗಿ ಚೆನ್ನಾಗಿತ್ತು, ನಾಲ್ಕು. ಹಾಲ್‌ಗೆ ರಗ್ಗು ಹಾಕೋ ಮುಂಚೆ ಎರಡು, ಹಾಕಿದ ಮೇಲೆ ನಾಲ್ಕು. ಬಾತ್ರೂಮ್‌ಗೆ ಒಂದು, ಅದೂ ಬಿಸಿನೀರು ಚೆನ್ನಾಗಿ ಬಂತು ಅಂತ. ಮೆಟ್ಟಿಲಿಗೆ ಸೊನ್ನೆ. ಮೂವತ್ತರ ಹುಡುಗರಿಗೆ ಕಣ್ಮುಚ್ಚಿ ಬುಕ್ ಮಾಡಿ ಅಂತೀನಿ. ನಮ್ಮ ವಯಸ್ಸಿನವರು ಓನರ್‌ಗೆ ಫೋನ್ ಮಾಡಿ ವೀಡಿಯೋ ಕಾಲಲ್ಲಿ ಗೇಟಿಂದ ಕಮೋಡ್ ತನಕ ನಡೆದು ತೋರಿಸಿ ಅಂತ ಕೇಳಿ, ತೋರಿಸಲ್ಲ ಅಂದವರ ಮನೆ ಬೇಡ. ನಾವು ಹೊರಡೋವಾಗ ಓನರ್‌ಗೆ ಇದನ್ನೆಲ್ಲಾ ಪಟ್ಟಿ ಮಾಡಿ ಕಳಿಸಿದ್ವಿ. ಸಿಟ್ಟಾಗ್ತಾರೇನೋ ಅಂದ್ಕೊಂಡಿದ್ವಿ, ಅವರಮ್ಮನೂ ಆ ಮನೆಗೆ ಬಂದಾಗ ಮೆಟ್ಟಿಲು ಹತ್ತಲ್ವಂತೆ, ಮೆಟ್ಟಿಲಿಗೆ ಮತ್ತೆ ಕಮೋಡ್ ಪಕ್ಕ ಹಿಡಿಕೆ ಹಾಕಿಸ್ತೀನಿ ಅಂದ್ರು. ಸದ್ಯಕ್ಕೆ ಮೂರು ಸ್ಟಾರ್ ಕೊಟ್ಟಿದೀನಿ, ಹಿಡಿಕೆ ಹಾಕಿಸಿದ ಫೋಟೋ ಬಂದ ದಿನ ನಾಲ್ಕು ಮಾಡ್ತೀನಿ, ಪೂಲ್ ಫೋಟೋ ಮತ್ತೆ ಕಳಿಸಿದ್ರೆ ಎರಡು.